ಕೈಯೂ ಕಂಪನವೂ

ವೀಣೆಯನ್ನು ಮೀಟಿ ಅದರ ಕೊಡದ ಮೇಲೆ ಕೈಯಿಟ್ಟರೆ ನಾದವು ನಮ್ಮ ಬೆರಳಿಗೂ ತಿಳಿಯುವುದಷ್ಟೆ. ಅಂಗೈಯ ಚರ್ಮದ ಆಳದಲ್ಲಿ ಈರುಳ್ಳಿಯಂತೆ ಪದರುಪದರಾದ ಪುಟ್ಟ ಕಣಗಳಿವೆ. ಇಟಲಿಯ ಪಾಚೀನಿಯವರು 1830ರ ದಶಕದಲ್ಲಿ ವರ್ಣಿಸಿದ ಇವು ಸೆಕೆಂಡಿಗೆ ಸುಮಾರು 250 ಸಲದ ಕಂಪನವನ್ನು ಬಹು ಚುರುಕಾಗಿ ಗ್ರಹಿಸುವುವು. ಆ ವಾರ್ತೆಯನ್ನು ದಪ್ಪನೆಯ ಶೀಘ್ರಗಾಮಿ ನರತಂತುಗಳು ಬೆನ್ನುಹುರಿಯ ಮಾರ್ಗವಾಗಿ ಮಿದುಳಿಗೆ ಒಯ್ಯುವುವು. ನೋವನ್ನು ತಿಳಿಸುವ ತಂತುಗಳು ಬೇರೆ. ಆದುದರಿಂದ ಚುಚ್ಚಿದರೆ ನೋಯುವ ಕೈಯೂ ಕಂಪನವನ್ನು ಅರಿಯದಿರಬಹುದು. ವೈದ್ಯರು 128 ಕಂಪನಗಳ ಶ್ರುತಿಕವೆಯನ್ನು ಬೆರಳಿನ ಗಂಟಿಗೆ ತಾಗಿಸುವುದು ಇದನ್ನು ಪರೀಕ್ಷಿಸಲೆಂದೇ.

ದುಡಿಮೆಯಿಂದಲೂ ಈ ಅರಿವು ಕುಂದುವುದುಂಟು. ಗಾಳಿಯ ಒತ್ತಡದಿಂದ ಬಡಿಯುವ ಸುತ್ತಿಗೆಯನ್ನು ಹಿಡಿದ ಕಲ್ಲುಕುಟಿಗರ ಬೆರಳುಗಳು ಬಿಳಿಚಿ ಮರಗಟ್ಟುವುದನ್ನು ಅಮೆರಿಕದ ಡಾಕ್ಟರ್ ಆಲಿಸ್ ಹ್ಯಾಮಿಲ್ಟನ್ ಅವರು 1918ರಲ್ಲಿ ಪರಿಶೀಲಿಸಿದರು. ಕಂಪನವನ್ನು ತಿಳಿಸುವ ನರವು ಅತಿಯಾದ ಕಂಪನದಿಂದಲೇ ಕೆಡಬಹುದು. ಮತ್ತೆ ಮತ್ತೆ ಬರುವ ಜೋಮನ್ನು ನಾವು ಅಲಕ್ಷ್ಯಮಾಡಲಾಗದು.