ಎದೆ ಹೊಡೆದುಕೊಳ್ಳಲಿ, ನೀವು ಮಾತಾಡಿ

ಬ್ಯಾಂಕ್ ಮ್ಯಾನೇಜರ್ ಎದುರು ಕೂತು ಸಾಲ ಕೇಳಬೇಕು. ಸೋಮವಾರ ಕಲೆಕ್ಟರ್ ಕಚೇರಿಯಲ್ಲಿ ಮನವಿ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಬೆಂಗಳೂರಿನ ಕಂಪನಿಯಲ್ಲಿ ಮೂವರು ಅಪರಿಚಿತರಿಗೆ ತಾನು ಯಾರು ಅಂತ ಹೇಳಬೇಕು. ಇಂಥ ಹೊತ್ತಿನಲ್ಲಿ ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ, ರಾತ್ರಿಯೆಲ್ಲ ಬಾಯಿಪಾಠ ಮಾಡಿದ ಮಾತು ನಾಲಿಗೆಗೆ ಬರುವುದೇ ಇಲ್ಲ.

ಸೇಲಂ ಜಿಲ್ಲೆಯ ಕಡಯಂಪಟ್ಟಿ ಕಡೆಯ ಕನ್ನಡ ಮನೆಗಳವರಿಗೆ ಇದರ ಮೇಲೆ ಇನ್ನೊಂದು ಹೊರೆಯೂ ಇದೆ. ಮನೆಯೊಳಗೆ ಕನ್ನಡ, ಶಾಲೆ, ಸಂತೆ, ಕಚೇರಿಗಳಲ್ಲಿ ತಮಿಳು, ಅರ್ಜಿ ಫಾರಂನಲ್ಲಿ ಇಂಗ್ಲಿಷ್. ಬಾಯಿ ತೆರೆಯುವ ಮೊದಲು ಯಾವ ಭಾಷೆ ಅನ್ನುವುದೇ ತೀರ್ಮಾನವಾಗಬೇಕು. ಓಮಲೂರಿನಲ್ಲಿ ತಮಿಳು ಪಟಪಟನೆ ಆಡುವ ಹುಡುಗ ಬೆಂಗಳೂರಿನ ನೆಂಟರ ಮದುವೆಯಲ್ಲಿ ಕನ್ನಡ ಆಡಲು ಹೋಗಿ, ಯಾರೋ ಕಿಸಕ್ಕನೆ ನಕ್ಕರೆಂದು ಊಟ ಮುಗಿಯುವ ತನಕ ಬಾಯಿ ಹೊಲಿದುಕೊಂಡು ಕೂರುತ್ತಾನೆ.

ಧೈರ್ಯ ಹುಟ್ಟಿನಿಂದಲೇ ಬರುತ್ತದೆ ಎಂದು ನಂಬಿದವರು ಇದೇ ನೆಲದ ಒಂದು ಕಥೆ ಕೇಳಬೇಕು. ತಮಿಳುನಾಡಿನಲ್ಲಿ ಸರ್ಕಾರದ ಕಡೆಯಿಂದ ಮಹಿಳಾ ಸ್ವಸಹಾಯ ಗುಂಪುಗಳು ಮೊದಲು ಹುಟ್ಟಿದ್ದು ಪಕ್ಕದ ಧರ್ಮಪುರಿ ಜಿಲ್ಲೆಯಲ್ಲಿ, 1989ರಲ್ಲಿ, ಅಂತರರಾಷ್ಟ್ರೀಯ ಕೃಷಿ ಅಭಿವೃದ್ಧಿ ನಿಧಿಯ ನೆರವಿನಿಂದ. ಈಗಿನ ಕೃಷ್ಣಗಿರಿ ಜಿಲ್ಲೆಯೂ ಆಗ ಅದರೊಳಗೇ ಇತ್ತು, ಬೇರೆಯಾದದ್ದು 2004ರಲ್ಲಿ. ಯೋಜನೆ ಮುಂದೆ ಸೇಲಂಗೂ ಬಂತು. ಕರ್ನಾಟಕದಲ್ಲಿ ಮೈರಾಡ ಸಂಸ್ಥೆ 1980ರ ದಶಕದಲ್ಲೇ ಇಂಥ ಸಂಘಗಳನ್ನು ಕಟ್ಟಿತ್ತು. ಲೆಕ್ಕಪತ್ರದಲ್ಲಿ ಇದು ಉಳಿತಾಯ ಮತ್ತು ಸಾಲದ ಯೋಜನೆ. ನನ್ನ ಮಟ್ಟಿಗೆ ಇದು ನಾಲ್ಕು ಜನರ ಮುಂದೆ ಬಾಯಿ ಬಿಡುವುದನ್ನು ಕಲಿಸಿದ ದೊಡ್ಡ ಶಾಲೆ.

ಗುಂಪಿನ ಕೂಟ ಹೇಗೆ ನಡೆಯುತ್ತದೆ ನೋಡಿ. ಹನ್ನೆರಡರಿಂದ ಇಪ್ಪತ್ತು ಹೆಂಗಸರು ಚಾಪೆ ಹಾಸಿಕೊಂಡು ದುಂಡಗೆ ಕೂರುತ್ತಾರೆ. ಹೊಸದಾಗಿ ಸೇರಿದವಳು ಅಂಚಿನಲ್ಲಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿರುತ್ತಾಳೆ. ಸರದಿ ಬಂದಾಗ ಪಕ್ಕದವಳು ಮೊಣಕೈಯಿಂದ ತಿವಿದು, “ಹೇಳಕ್ಕಾ, ಹೆಸರು ಹೇಳು” ಅನ್ನುತ್ತಾಳೆ. ಅವಳು ನೆಲ ನೋಡಿಕೊಂಡೇ ಹೆಸರು ಹೇಳುತ್ತಾಳೆ. ಅವತ್ತಿಗೆ ಅಷ್ಟೇ ಸಾಕು. ಮುಂದಿನ ಸಲ ತಾನು ಕಟ್ಟಿದ ದುಡ್ಡು ಎಷ್ಟೆಂದು ಹೇಳುತ್ತಾಳೆ. ಆಮೇಲೆ ಸಾಲ ಯಾಕೆ ಬೇಕು ಅಂತ ಹೇಳಬೇಕು, ಆಡಿಗೋ, ಮಗನ ಫೀಸಿಗೋ. ಯಾರಾದರೂ ಅಡ್ಡ ಪ್ರಶ್ನೆ ಹಾಕಿದರೆ ಉತ್ತರ ಕೊಡಬೇಕು. ಗುಂಪಿನ ಮುಂದಾಳು (ತಮಿಳಿನಲ್ಲಿ ಊಕ್ಕುನರ್) ಜೊತೆ ಬ್ಯಾಂಕಿಗೆ ಹೋಗಿ ಕೌಂಟರಿನ ಮುಂದೆ ನಿಲ್ಲುವುದು ಇಷ್ಟೆಲ್ಲ ಆದ ಮೇಲೆ.

ಇಂದಿನ ಮನಶ್ಶಾಸ್ತ್ರಜ್ಞರು ಅಂಜಿಕೆಗೆ ಹೇಳುವ ಮದ್ದೂ ಹೆಚ್ಚುಕಡಿಮೆ ಇದೇ. ಹೆದರಿಸುವ ಸಂಗತಿಯಿಂದ ಓಡಬಾರದು, ಅದನ್ನು ಸಣ್ಣ ಸಣ್ಣ ಪಾಲು ಮಾಡಿಕೊಂಡು ಮತ್ತೆ ಮತ್ತೆ ಎದುರಿಸಬೇಕು. ತಪ್ಪಿಸಿಕೊಂಡ ಸಲ ತಕ್ಷಣಕ್ಕೆ ಹಾಯೆನಿಸುತ್ತದೆ, ಆ ಹಾಯೇ ಮುಂದಿನ ಸಲದ ಭಯವನ್ನು ಬೆಳೆಸುತ್ತದೆ. ಗುಂಪಿನಲ್ಲಿ ಇನ್ನೊಂದು ಅನುಕೂಲ ಇದೆ. ಅಲ್ಲಿ ಮಾತಾಡುವುದಕ್ಕೆ ವಿಷಯ ಇರುತ್ತದೆ: ಪಾಸ್‌ಬುಕ್, ಬಾಕಿ, ಕಂತು. ಗಮನ ಲೆಕ್ಕದ ಮೇಲೆ ಹೋದಾಗ ತನ್ನ ಮುಖ ಹೇಗೆ ಕಾಣುತ್ತಿದೆ ಅನ್ನುವ ಚಿಂತೆಗೆ ಜಾಗ ಉಳಿಯುವುದಿಲ್ಲ.

ಗಾಂಧೀಜಿಯೇ ಇದಕ್ಕೆ ಸಾಕ್ಷಿ. ಲಂಡನ್ನಿನಿಂದ ಬ್ಯಾರಿಸ್ಟರ್ ಆಗಿ ಬಂದವರು ಬೊಂಬಾಯಿಯ ಸಣ್ಣ ವ್ಯಾಜ್ಯಗಳ ಕೋರ್ಟಿನಲ್ಲಿ ಮೊದಲ ಕೇಸಿಗೆ ಎದ್ದು ನಿಂತರೆ ತಲೆ ತಿರುಗಿತು, ಒಂದು ಪ್ರಶ್ನೆಯೂ ಹೊರಡಲಿಲ್ಲ. ಕೇಸು ಬೇರೆಯವರಿಗೆ ಕೊಡಿ ಎಂದು ಹೇಳಿ ಹೊರಬಂದರು. ಅವರೇ 1893ರಲ್ಲಿ ಪ್ರಿಟೋರಿಯಾದ ಭಾರತೀಯ ವ್ಯಾಪಾರಿಗಳ ಸಭೆಯಲ್ಲಿ, ವ್ಯಾಪಾರದಲ್ಲಿ ಸತ್ಯ ಅನ್ನುವ ವಿಷಯ ಹಿಡಿದು, ತಯಾರಿ ಮಾಡಿಕೊಂಡು ಹೋಗಿ ಮಾತಾಡಿದರು. ಸಂಕೋಚ ಅಷ್ಟರಲ್ಲಿ ಮಾಯವಾಗಿತ್ತು ಅಂತಲ್ಲ, ಹೇಳಲೇಬೇಕಾದ ಮಾತೊಂದು ಕೈಯಲ್ಲಿತ್ತು.

ಎಲ್ಲರೂ ನಮ್ಮನ್ನೇ ನೋಡುತ್ತಿದ್ದಾರೆ ಅನ್ನುವ ಭ್ರಮೆಯನ್ನೂ ಅಳೆದಿದ್ದಾರೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಮುಜುಗರ ತರಿಸುವ ಚಿತ್ರವಿದ್ದ ಟೀ ಶರ್ಟ್ ತೊಡಿಸಿ, ಬೇರೆಯವರು ಕೂತಿದ್ದ ಕೋಣೆಗೆ ಕಳಿಸಿದರು. ಸುಮಾರು ಅರ್ಧದಷ್ಟು ಜನ ಚಿತ್ರವನ್ನು ಗುರುತಿಸಿರುತ್ತಾರೆಂದು ತೊಟ್ಟವರ ಅಂದಾಜು. ಗುರುತಿಸಿದ್ದವರು ಕಾಲುಭಾಗದಷ್ಟು ಮಂದಿ. 2000ದಲ್ಲಿ ಪ್ರಕಟವಾದ ಅಧ್ಯಯನ ಇದು. ನಿಮ್ಮ ಧ್ವನಿಯ ನಡುಕ ನಿಮಗೆ ಕೇಳಿಸಿದಷ್ಟು ಎದುರಿನವರಿಗೆ ಕೇಳಿಸುವುದಿಲ್ಲ. ಅವರಿಗೆ ಅವರದೇ ಚಿಂತೆಗಳಿರುತ್ತವೆ.

ಮೈಯ ಮಾತನ್ನೂ ಹೇಳಬೇಕು. ಎದೆ ಡವಗುಟ್ಟುವುದು ಅಡ್ರಿನಲಿನ್ ಕೆಲಸ, ಓಟಕ್ಕೆ ನಿಂತವನಿಗೂ ಹಾಗೇ ಆಗುತ್ತದೆ. ಅದನ್ನು ಬಲವಂತವಾಗಿ ಅಡಗಿಸಲು ಹೋದರೆ ಗಮನವೆಲ್ಲ ಅಲ್ಲೇ ಸಿಕ್ಕಿಬೀಳುತ್ತದೆ. ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ, ನಾಲ್ಕಾರು ಸಲ ಹಾಗೆ ಮಾಡಿದರೆ ಬಡಿತ ತಾನಾಗಿ ಇಳಿಯುತ್ತದೆ. ಮೊದಲ ಒಂದು ವಾಕ್ಯವನ್ನು ಮಾತ್ರ ಗಟ್ಟಿಮಾಡಿಕೊಳ್ಳಿ. ಪೂರ್ತಿ ಭಾಷಣ ಬಾಯಿಪಾಠ ಮಾಡಿದವರು ಒಂದು ಪದ ಮರೆತರೂ ದಾರಿ ತಪ್ಪುತ್ತಾರೆ.

ಕೆಲವರಿಗೆ ಇದು ಬರೀ ಅಂಜಿಕೆಯಾಗಿರುವುದಿಲ್ಲ. ತಿಂಗಳುಗಟ್ಟಲೆ ಜನರ ಎದುರು ಹೋಗಲಾರದೆ ಕಾಲೇಜು, ಕೆಲಸ ಬಿಡುವ ಮಟ್ಟಕ್ಕೆ ಬಂದರೆ ಅದು ಚಿಕಿತ್ಸೆ ಬೇಕಾದ ಸಮಸ್ಯೆ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ದುಡ್ಡಿಲ್ಲದೆ ಸಲಹೆ ಸಿಗುತ್ತದೆ, ಕನ್ನಡದಲ್ಲೂ ತಮಿಳಿನಲ್ಲೂ.

ಉಳಿದವರಿಗೆ ಅಭ್ಯಾಸದ ಜಾಗ ಊರಲ್ಲೇ ಇದೆ. ತಮಿಳುನಾಡಿನಲ್ಲಿ ಜನವರಿ 26, ಮಾರ್ಚ್ 22, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1, ಹೀಗೆ ವರ್ಷಕ್ಕೆ ಆರು ದಿನ ಗ್ರಾಮಸಭೆ. ಕಡಯಂಪಟ್ಟಿ ಪಂಚಾಯತ್ ಯೂನಿಯನ್ನಿನ ಹಳ್ಳಿಗಳಲ್ಲಿರುವ ಕನ್ನಡದ ಅಕ್ಕ, ತಂಗಿ, ತಮ್ಮಂದಿರೇ, ಮುಂದಿನ ಸಭೆಗೆ ಒಂದು ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಕುಡಿಯುವ ನೀರಿನದಾಗಲಿ, ಬೀದಿ ದೀಪದ್ದಾಗಲಿ. ಎದ್ದು ನಿಂತು ಅದೊಂದನ್ನು ಕೇಳಿ, ಉತ್ತರ ಬರುವ ತನಕ ಕೂರಬೇಡಿ.