ಪೊಟರೆಯಲ್ಲಿ ಹೂಡಿದ ಸಂಸಾರ

ದಕ್ಷಿಣ ಆಸ್ಟ್ರೇಲಿಯಾದ ಬರೋಸಾ ಸೀಮೆಯಲ್ಲಿ ಸ್ಪ್ರಿಂಗ್‌ಟನ್ ಎಂಬ ಸಣ್ಣ ಊರಿದೆ. ಅಲ್ಲಿನ ರಸ್ತೆಬದಿಯಲ್ಲೊಂದು ರೆಡ್ ಗಮ್ ಮರ. ನಮ್ಮ ನೀಲಗಿರಿಯ ಬಳಗದ್ದೇ. ಆದರೆ ಬಯಲುಸೀಮೆಯ ನೆಡುತೋಪುಗಳಲ್ಲಿ ಕೋಲಿನಂತೆ ನೆಟ್ಟಗೆ ನಿಂತ ನೀಲಗಿರಿಯನ್ನಷ್ಟೇ ಕಂಡವರು ಇದನ್ನು ಆ ಜಾತಿಗೆ ಸೇರಿಸಲು ಒಪ್ಪಲಾರರು. ಬುಡದ ಅಡ್ಡಗಲವೇ 7 ಮೀಟರ್, ಎತ್ತರ ಸುಮಾರು 24 ಮೀಟರ್. ವಯಸ್ಸು 300ರಿಂದ 500 ವರ್ಷವಿರಬಹುದೆಂದು ಅಂದಾಜು. ಮರ ಬದುಕಿದೆ, ಚಿಗುರುತ್ತದೆ. ಒಡಲು ಮಾತ್ರ ಪೊಳ್ಳು. ಆ ಪೊಟರೆಯೊಳಗೆ ಒಂದು ಕುಟುಂಬ ಸಂಸಾರ ಹೂಡಿತ್ತು.

ಫ್ರೆಡ್ರಿಕ್ ಹರ್ಬಿಗ್ ಜರ್ಮನ್ ನಾಡಿನಿಂದ ಹಡಗಿನಲ್ಲಿ ಬಂದದ್ದು 1855ರಲ್ಲಿ. ಅಷ್ಟು ಹೊತ್ತಿಗೆ ಈ ಸೀಮೆಯಲ್ಲಿ ಲೂಥರನ್ ಒಕ್ಕಲುಗಳು ಬೇರುಬಿಟ್ಟಾಗಿತ್ತು. ಪ್ರಷ್ಯಾದ ದೊರೆ ಮೂರನೆಯ ಫ್ರೆಡ್ರಿಕ್ ವಿಲ್ಹೆಲ್ಮ್ ಲೂಥರನ್ ಮತ್ತು ರಿಫಾರ್ಮ್ಡ್ ಸಭೆಗಳನ್ನು ಒಂದು ಮಾಡಿ, ತಾನು ಹೊರಡಿಸಿದ ಪೂಜಾವಿಧಿಯನ್ನೇ ಎಲ್ಲರೂ ನಡೆಸಬೇಕೆಂದು ಪಟ್ಟುಹಿಡಿದಿದ್ದ. ಒಪ್ಪದವರು ಪಾದ್ರಿ ಆಗಸ್ಟ್ ಕಾವೆಲ್ ಅವರ ಹಿಂದೆ 1838ರಲ್ಲಿ ಊರುಬಿಟ್ಟು ಅಡಿಲೇಡ್‌ಗೆ ಬಂದಿಳಿದರು. ಅವರ ಪಯಣಕ್ಕೆ ಸಾಲ ಕೊಟ್ಟವರು ಲಂಡನ್ನಿನ ವರ್ತಕ ಜಾರ್ಜ್ ಫೈಫ್ ಆಂಗಸ್. ಮುಂದೆ ಹರ್ಬಿಗ್‌ಗೆ ಕೆಲಸ ಸಿಕ್ಕಿದ್ದೂ ಆಂಗಸ್‌ರಿಗೆ ಸೇರಿದ ಹೈನುಗಾರಿಕೆಯ ಜಮೀನಿನಲ್ಲೇ.

ಕೈಯಲ್ಲಿ ಕಾಸಿಲ್ಲದ ಗಂಡಾಳು. ಗೇಣಿಗೆ ಹಿಡಿದ ನೆಲದಲ್ಲಿ ಮನೆ ಕಟ್ಟುವವರೆಗೆ ಕಾಯಲಿಲ್ಲ. ತೊರೆಯ ಬದಿಗಿದ್ದ ಪೊಟರೆಯನ್ನೇ ಬಿಡಾರ ಮಾಡಿಕೊಂಡ. 1858ರಲ್ಲಿ ಆನಾ ಕ್ಯಾರೊಲೀನ್ ರಾಟೈಯ ಕೈಹಿಡಿದು ಅಲ್ಲಿಗೇ ಕರೆತಂದ. ಅವರ ಮೊದಲ ಇಬ್ಬರು ಮಕ್ಕಳೂ ಅಲ್ಲೇ ಹುಟ್ಟಿದವು.

ಮರದ ಹೆಸರು ಇಂದು ಹರ್ಬಿಗ್ ಟ್ರೀ. ನೋಡಲು ಬಂದವರು ಫಲಕ ಓದಿ, ಪೊಟರೆಯ ಬಾಯಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನನಗೆ ಮಾತ್ರ ಈ ಮರವೆಂದರೆ ಮೊದಲು ಕ್ಯಾರೊಲೀನಳೇ ಕಣ್ಣಮುಂದೆ ಬರುತ್ತಾಳೆ. ಸೌದೆ ಒಲೆಯ ಕಿಡಿ ಒಣಮರಕ್ಕೆ ತಾಗದಂತೆ ನೋಡಿಕೊಳ್ಳಬೇಕು; ಮಳೆಯಲ್ಲಿ ನೆಲ ಜವುಗು, ಬೇಸಿಗೆಯಲ್ಲಿ ಇರುವೆ. ತೊಟ್ಟಿಲು ಇಡುವ ಮೂಲೆಯನ್ನೂ ಆರಿಸಿಕೊಳ್ಳಬೇಕು. ರೆಡ್ ಗಮ್ಮಿನ ದಪ್ಪ ಕೊಂಬೆಗಳು ಗಾಳಿಯಿಲ್ಲದ ಸೆಕೆಯಲ್ಲೂ ಮುನ್ಸೂಚನೆಯಿಲ್ಲದೆ ಮುರಿದು ಬೀಳುವುದುಂಟು. ಅಂಥ ಮರದ ಕೆಳಗೆ ಎರಡು ಬಾಣಂತನ. ಈ ಒಕ್ಕಲಿನ ಚರಿತ್ರೆಯಲ್ಲಿ ಅವಳ ಪಾಲು ಗಂಡನ ಪಾಲಿಗಿಂತ ಕೂದಲೆಳೆಯಷ್ಟೂ ಕಡಿಮೆಯಲ್ಲ.

ಮುಂದೆ ಪೈನ್ ಮರದ ಚೌಕಟ್ಟಿಗೆ ಮಣ್ಣು ಮೆತ್ತಿದ ಗುಡಿಸಲು, ಆಮೇಲೆ ಕಲ್ಲಿನ ಮನೆ. ದಂಪತಿಗೆ ಒಟ್ಟು 16 ಮಕ್ಕಳು. ಪೊಟರೆಯಿಂದ ಕಲ್ಲುಗೋಡೆಗೆ ಬಂದ ಈ ದಾರಿ ಅವರೊಬ್ಬರದ್ದಲ್ಲ. ಬರೋಸಾದ ಹಳೆಯ ಜರ್ಮನ್ ತೋಟದ ಮನೆಗಳ ಸುತ್ತ ತಿರುಗಿದರೆ ಬದುಕಿನ ಲೆಕ್ಕಾಚಾರ ಕಾಣುತ್ತದೆ. ಗೋಡೆಯ ಚೌಕಟ್ಟಿಗೆ ಇಲ್ಲಿನದೇ ಗಮ್ ಮರ, ಆದರೆ ತೊಲೆಗಳ ನಡುವೆ ಹುಲ್ಲು ಕಲಸಿದ ಮಣ್ಣು ತುಂಬುವ ಕಸುಬು ಜರ್ಮನ್ ನಾಡಿನದು. ನೆಲಮಾಳಿಗೆ ತಂಪಿಗೆ, ಹಿತ್ತಿಲಿನ ಗೂಡೊಲೆ ರೊಟ್ಟಿಗೆ. ಪಕ್ಕದ ಹೊಗೆಮನೆಯಲ್ಲಿ ಮೆಟ್‌ವುರ್ಸ್ಟ್ ಎಂಬ ಮಾಂಸದ ಸಾಸೇಜುಗಳನ್ನು ಸಾಲಾಗಿ ತೂಗುಹಾಕಿ ಸೌದೆಯ ಹೊಗೆ ಕುಡಿಸುತ್ತಿದ್ದರು. ಹಂದಿ ಕೊಯ್ದರೆ ಚಳಿಗಾಲದಲ್ಲೇ. ಆ ಮೆಟ್‌ವುರ್ಸ್ಟ್ ಬರೋಸಾದ ಅಂಗಡಿಗಳಲ್ಲಿ ಈಗಲೂ ಸಿಗುತ್ತದೆ.

ಇವೆಲ್ಲ ಸಲೀಸಾಗಿ ಉಳಿದು ಬಂದವಲ್ಲ. ಮೊದಲ ಮಹಾಯುದ್ಧದ ದ್ವೇಷದಲ್ಲಿ, 1917ರಲ್ಲಿ, ಲೂಥರನ್ ಶಾಲೆಗಳಿಗೆ ಸರ್ಕಾರ ಬೀಗ ಜಡಿಯಿತು. 69 ಜರ್ಮನ್ ಊರುಹೆಸರುಗಳನ್ನು ಅಳಿಸಲು ಕಾಯ್ದೆ ಬಂತು. ಕ್ಲೆಮ್ಜಿಗ್ ಗಾಜಾ ಆಯಿತು, ಹಾನ್‌ಡಾರ್ಫ್ ಆಂಬಲ್‌ಸೈಡ್ ಆಯಿತು. ಶಾಲೆಯಿಂದ ಹೊರಬಿದ್ದ ನುಡಿ ಮನೆಯೊಳಗೆ ಎಷ್ಟು ಉಳಿಯಿತೋ ಅಷ್ಟೇ ಉಳಿಯಿತು. ಹಾಗಾಗಿ ಒಂದು ಒಕ್ಕಲುಮನೆ ಬಿದ್ದರೆ ಗೋಡೆಗಳ ಜೊತೆಗೆ ಅಡುಗೆಮನೆಯ ಮಾತೂ ನೆಲಕಚ್ಚುತ್ತದೆ.

ಇನ್ನೊಂದು ಮಾತನ್ನು ಬಿಟ್ಟರೆ ಈ ಚಿತ್ರ ಅರೆಬರೆಯಾದೀತು. ಇದು ಪೆರಮಾಂಕ್ ಜನರ ನೆಲ. ಹರ್ಬಿಗ್ ಬರುವ ಮುಂಚೆ ಶತಮಾನಗಳ ಕಾಲ ಈ ಮರ ಬೆಳೆದದ್ದು ಅವರ ನಡುವೆ. ನಂಬಿಕೆ ಉಳಿಸಿಕೊಳ್ಳಲು ನೆಲ ಬಿಟ್ಟವರಿಗೆ ಸಿಕ್ಕಿದ್ದು, ನೆಲ ಕಳೆದುಕೊಂಡವರ ನೆಲ. ಪರಂಪರೆ ಎಂದು ಫಲಕ ನೆಡುವಾಗ ಎರಡು ಕತೆಗಳಿಗೂ ಜಾಗ ಬೇಕು. ಸ್ಪ್ರಿಂಗ್‌ಟನ್ನಿನಂಥ ಊರುಗಳಲ್ಲಿ ಆ ಕೆಲಸ ಇನ್ನೂ ಬಾಕಿಯಿದೆ.