ನಿಮಗಿದು ಗೊತ್ತೇ? ತಿಂದದ್ದೆಷ್ಟು, ನಡೆದದ್ದೆಷ್ಟು

ಆಹಾರ ಸಮೀಕ್ಷೆಗೆ ಬರುವವರು ಸಾಮಾನ್ಯವಾಗಿ ಕೇಳುವುದು "ನಿನ್ನೆ ಏನೇನು ತಿಂದಿರಿ?" ಎಂದು. ಇಡ್ಲಿ, ಅನ್ನ, ಸಾರು ನೆನಪಿರುತ್ತವೆ. ಕಾಫಿ ಜೊತೆಗಿನ ಬಿಸ್ಕತ್ತು, ಓಡಾಡುತ್ತಾ ಬಾಯಿಗೆ ಹಾಕಿಕೊಂಡ ಹಿಡಿ ಕಡಲೆಬೀಜ ಮರೆತೇ ಹೋಗಿರುತ್ತವೆ. ಅಮೆರಿಕದ ಕೃಷಿ ಇಲಾಖೆಯ ಪದ್ಧತಿಯಲ್ಲಿ ಒಂದೇ ದಿನದ ಊಟವನ್ನು ಐದು ಸುತ್ತು ಕೇಳುತ್ತಾರೆ. ಅದರಲ್ಲೊಂದು ಸುತ್ತು ಇರುವುದೇ ಇಂಥ ಮರೆತ ತಿನಿಸುಗಳಿಗಾಗಿ!

"ಎರಡು ಮುದ್ದೆ" ಎಂದರೆ ಎಷ್ಟು ರಾಗಿ? ಒಂದೊಂದು ಮನೆಯ ಮುದ್ದೆ ಒಂದೊಂದು ಗಾತ್ರ. ಅದಕ್ಕೇ ಸಮೀಕ್ಷಕರು ಅಳತೆಯ ಬಟ್ಟಲು, ಸೌಟು ಹೊತ್ತು ತರುತ್ತಾರೆ. ಆ ಅಳತೆಯನ್ನು ಪೋಷಕಾಂಶಗಳ ಲೆಕ್ಕಕ್ಕೆ ಇಳಿಸಲು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಕೋಷ್ಟಕವಿದೆ. ಅದರಲ್ಲಿ 528 ಆಹಾರ ಪದಾರ್ಥಗಳಿವೆ.

"ತಿನ್ನೋದೇ ಇಲ್ಲ, ಆದರೂ ತೂಕ ಇಳಿಯಲ್ಲ" ಎನ್ನುವವರು ಎಲ್ಲ ಊರಲ್ಲೂ ಸಿಗುತ್ತಾರೆ. ನ್ಯೂಯಾರ್ಕಿನಲ್ಲಿ ಅಂಥ ಹತ್ತು ಜನರನ್ನು ಪರೀಕ್ಷಿಸಿ 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ತಿಂದದ್ದನ್ನು ಸರಾಸರಿ 47% ಕಡಿಮೆ ಹೇಳಿದ್ದರು, ಮೈ ದಣಿಸಿದ್ದನ್ನು 51% ಹೆಚ್ಚು! ಬೇಕೆಂದೇ ಸುಳ್ಳು ಹೇಳಿದರು ಎನ್ನಬೇಕಿಲ್ಲ. ನಮ್ಮ ಬಗ್ಗೆ ನಮಗಿರುವ ಅಂದಾಜೇ ಅಂಥದ್ದು.

ಈ ಗುಟ್ಟು ಬಯಲಾದದ್ದು ಒಂದು ಲೋಟ ನೀರಿನಿಂದ. ಆ ನೀರಿನಲ್ಲಿ ತುಸು ಭಾರದ ಹೈಡ್ರೋಜನ್ನೂ ಭಾರದ ಆಮ್ಲಜನಕವೂ ಇರುತ್ತವೆ, ವಿಕಿರಣದ ಭಯವಿಲ್ಲ. ಹೈಡ್ರೋಜನ್ ದೇಹದಿಂದ ನೀರಾಗಿ ಮಾತ್ರ ಹೊರಬೀಳುತ್ತದೆ, ಆಮ್ಲಜನಕವಾದರೋ ನೀರಾಗಿಯೂ ಉಸಿರಿನ ಇಂಗಾಲದ ಡೈಆಕ್ಸೈಡ್ ಆಗಿಯೂ ಹೋಗುತ್ತದೆ. ಒಂದೆರಡು ವಾರ ಮೂತ್ರ ಪರೀಕ್ಷಿಸಿ ಎರಡರ ವ್ಯತ್ಯಾಸ ನೋಡಿದರೆ ಎಷ್ಟು ಶಕ್ತಿ ಖರ್ಚಾಯಿತೆಂದು ತಿಳಿಯುತ್ತದೆ. ಮಿನ್ನೆಸೋಟದ ನೇಥನ್ ಲಿಫ್ಸನ್ 1950ರ ದಶಕದಲ್ಲೇ ಇಲಿಗಳ ಮೇಲೆ ಇದನ್ನು ಮಾಡಿ ತೋರಿಸಿದ್ದರು. ಮನುಷ್ಯರ ಮೇಲಿನ ಮೊದಲ ವರದಿ ಬಂದದ್ದು 1982ರಲ್ಲಿ. ನಡುವಿನ ಅಡ್ಡಿ ವಿಜ್ಞಾನದ್ದಲ್ಲ, ದುಡ್ಡಿನದು: ಆ ಆಮ್ಲಜನಕ ಅಷ್ಟು ದುಬಾರಿ. ಇಂಥ ಐಸೋಟೋಪುಗಳನ್ನು ಬಳಸಿ ಪೋಷಣೆಯ ಸಂಶೋಧನೆ ಮಾಡುವ ಕೇಂದ್ರ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲೂ ಇದೆ.

ಉಪ್ಪಿನ ಲೆಕ್ಕಕ್ಕೆ ಯಾರ ಮಾತನ್ನೂ ನೆಚ್ಚುವುದಿಲ್ಲ. ತಿಂದ ಸೋಡಿಯಂನ ಸುಮಾರು 90% ಮೂತ್ರದಲ್ಲೇ ಹೋಗುತ್ತದೆ. ಹಾಗಾಗಿ ಇಡೀ 24 ಗಂಟೆಯ ಮೂತ್ರವನ್ನು ಕ್ಯಾನಿನಲ್ಲಿ ತುಂಬಿಡಬೇಕು.

ವ್ಯಾಯಾಮದ ಸಂಶೋಧನೆಗೆ ದಾರಿ ತೋರಿಸಿದ್ದು ಲಂಡನ್ನಿನ ಡಬಲ್ ಡೆಕರ್ ಬಸ್ಸು. ಕೂತೇ ಇರುವ ಡ್ರೈವರುಗಳಿಗಿಂತ, ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದ್ರೋಗ ಕಡಿಮೆ ಎಂದು ಜೆರ್ರಿ ಮಾರಿಸ್ 1953ರಲ್ಲಿ ತೋರಿಸಿದರು. ಆಮೇಲೆ ಅವರು ಸಮವಸ್ತ್ರದ ದಾಖಲೆಗಳನ್ನೂ ಬಿಡಲಿಲ್ಲ. ಪ್ಯಾಂಟಿನ ಅಳತೆಯಲ್ಲಿ ಡ್ರೈವರುಗಳ ಸೊಂಟವೇ ದಪ್ಪ! ಹಾಗಾದರೆ ವ್ಯತ್ಯಾಸಕ್ಕೆಲ್ಲ ಮೆಟ್ಟಿಲೊಂದೇ ಕಾರಣವೇ ಎಂಬ ಅನುಮಾನವೂ ಜೊತೆಗೇ ಹುಟ್ಟಿತು. ಪ್ಯಾಂಟನ್ನೂ ಸಾಕ್ಷಿಗೆ ಕರೆದ ಈ ಸಂಶೋಧಕ ನನಗೆ ಬಲು ಇಷ್ಟ.

ದಿನಕ್ಕೆ 10,000 ಹೆಜ್ಜೆ? ಅದು ವೈದ್ಯರ ಚೀಟಿಯಲ್ಲಿ ಹುಟ್ಟಿದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರು ಅದು. ವಯಸ್ಸಾದ ಅಮೆರಿಕನ್ ಮಹಿಳೆಯರ ಮೇಲೆ ನಡೆದ 2019ರ ಅಧ್ಯಯನದಲ್ಲಿ ಸುಮಾರು 7,500 ಹೆಜ್ಜೆ ದಾಟಿದ ಮೇಲೆ ಹೆಚ್ಚುವರಿ ಲಾಭ ಕಾಣಲಿಲ್ಲ.

ಹೀಗೆ ಹೆಜ್ಜೆ ಎಣಿಸಲು ಸೊಂಟಕ್ಕೆ ಕಟ್ಟುವ ಯಂತ್ರಕ್ಕೆ ಸೈಕಲ್ ತುಳಿತ ಸರಿಯಾಗಿ ಗೊತ್ತಾಗುವುದಿಲ್ಲ. ಕೂತು ಒರಳಿನಲ್ಲಿ ರುಬ್ಬಿದರೆ ಸುಮ್ಮನೆ ಕೂತಂತೆಯೇ ಲೆಕ್ಕ. ಹುಲ್ಲಿನ ಹೊರೆ ಹೊತ್ತು ನಡೆದವಳಿಗೂ ಕೈಬೀಸಿ ನಡೆದವಳಿಗೂ ಅದು ಹೆಚ್ಚುಕಡಿಮೆ ಒಂದೇ ಅಂಕ ಕೊಡುತ್ತದೆ.